ಸಾಹೇಬರ ಹವಳ, ಹಿರಿಯಣ್ಣನ ಏಡಿ

ಆ ಭಾನುವಾರ ಹಿರಿಯಣ್ಣನ ಏಕಾದಶಿಯನ್ನೂ ಮೈಸೂರಿನ ಕನಸನ್ನೂ ಒಟ್ಟಿಗೆ ಕೆಡಿಸಲು ಹೊರಟದ್ದು ಒಂದು ಏಡಿ. ದೊಡ್ಡ ಏಡಿಯೇನಲ್ಲ, ಕೋಡುಬಳೆಯ ನಡುವೆ ಸಲೀಸಾಗಿ ಕೂರುವಂಥದ್ದು. ಮೈತುಂಬ ಕಂದು ಕೂದಲು, ಕಡ್ಡಿಯ ತುದಿಗೆ ಸಿಕ್ಕಿಸಿದ ಸಾಸಿವೆ ಕಾಳಿನಂಥ ಎರಡು ಕಣ್ಣು.

ಹಲ್ಲುಜ್ಜುತ್ತ ಹಾಲ್‌ಗೆ ಬಂದ ಹಿರಿಯಣ್ಣ ಮೂಲೆಯ ಗಾಜಿನ ತೊಟ್ಟಿಯೊಳಗೆ ಅದನ್ನು ಕಂಡ. ಸಾಹೇಬರ ಹವಳದ ಮೇಲೆ ಕೂತು, ಇಕ್ಕಳದಂಥ ಮುಂಗಾಲಿನಿಂದ ಒಂದೊಂದೇ ಹಸಿರು ಎಳೆ ಕತ್ತರಿಸಿ, ಬೇರೆಯವರ ಬಿಲ್ಲಿನಲ್ಲಿ ಹೋಟೆಲ್ ತಿಂಡಿ ತಿನ್ನುವವನಂತೆ ನಿಶ್ಚಿಂತೆಯಿಂದ ಬಾಯಿಗಿಡುತ್ತಿತ್ತು. ವಾರದಿಂದ ಹವಳ ದಿನಕ್ಕಿಷ್ಟು ಬೋಳಾಗುತ್ತಿದ್ದುದರ ಗುಟ್ಟು ಈಗ ಬಯಲಾಯಿತು. ಅವನ ಬಾಯಲ್ಲಿದ್ದ ಟೂತ್‌ಪೇಸ್ಟ್ ಗಂಟಲಿಗಿಳಿಯಿತು.

"ಕೌಸಲ್ಯಾ! ಬಾರೇ ಇಲ್ಲಿ! ಸಾಹೇಬರ ಹವಳ ತಿಂತಾ ಇದೆ ಕಣೇ!"

ಹೆಂಡತಿ ಕೌಸಲ್ಯಾ ಸೌಟು ಹಿಡಿದುಕೊಂಡೇ ಓಡಿಬಂದಳು. ಅಷ್ಟರಲ್ಲಿ ಏಡಿ ಕಲ್ಲಿನ ಬಿಲಕ್ಕೆ ಜಾರಿತ್ತು. ಕಂಡದ್ದು ಒಂದು ಕಾಲಿನ ತುದಿ, ಮತ್ತು ಅರ್ಧಕ್ಕರ್ಧ ಬೋಳಾದ ಹವಳ.

"ಅಯ್ಯೋ ದೇವರೇ. ಸಾಯಂಕಾಲ ಸಾಹೇಬ್ರು ಬರ್ತಾರಲ್ರೀ!" ಎಂದಳು.

ತೊಟ್ಟಿಯ ಕತೆ ಹೇಳಬೇಕು. ಹಿರಿಯಣ್ಣ ಮುಂಬೈ ಫೋರ್ಟಿನ ಒಂದು ಕಂಪನಿಯಲ್ಲಿ ಗುಮಾಸ್ತ. ಅವನ ಮೇಲಧಿಕಾರಿ ಬೆಳಗಾವಿ ಕಡೆಯ ಚಿಟ್ನಿಸ್ ಸಾಹೇಬರು. ಬೇರೆ ಸಾಹೇಬರು ನಾಯಿ ಸಾಕಿದರೆ ಇವರು ಸಮುದ್ರ ಸಾಕಿದ್ದರು. ಹಡಗಿನಲ್ಲಿ ಕೆಲಸ ಮಾಡುವ ಭಾವಮೈದುನ ತಂದುಕೊಟ್ಟ ಜೀವಂತ ಹವಳದ ಕಲ್ಲು, ಅದರ ಸುತ್ತ ಸುಳಿಯುವ ಎರಡು ಕೇಸರಿ ಮೀನು, ಗುಳುಗುಳು ಗಾಳಿಯೂದುವ ಪಂಪು. ಹವಳವೆಂದರೆ ಕೆಂಪು ಮಣಿ ಎಂದುಕೊಂಡಿದ್ದ ಹಿರಿಯಣ್ಣನಿಗೆ, ಬೆಳಕಿಗೆ ಅರಳಿ ಕತ್ತಲಿಗೆ ಮುದುಡುವ ಈ ಕೊತ್ತಂಬರಿ ಕಟ್ಟೂ ಹವಳವೇ ಎಂದು ನಂಬುವುದೇ ಕಷ್ಟವಾಗಿತ್ತು. ಸಾಹೇಬರ ಫ್ಲ್ಯಾಟಿಗೆ ಬಣ್ಣ ಹೊಡೆಸುವ ಕೆಲಸ ಶುರುವಾಯಿತು. ಬಣ್ಣದ ವಾಸನೆ ಮೀನಿಗಾಗದು. ಅದೇ ಹೊತ್ತಿಗೆ ದಿಲ್ಲಿಯ ಹೆಡ್ ಆಫೀಸಿನಿಂದ ಅವರಿಗೆ ಕರೆಯೂ ಬಂತು. "ನಿಮ್ಮದು ಬೊರಿವಲಿ. ಗೊರಾಯಿ ಸಮುದ್ರ ಬಾಜೂಕೇ ಅದ, ನೀರು ತರಲಿಕ್ಕೆ ಸಲೀಸು" ಎಂದು ತೊಟ್ಟಿಯನ್ನು ಟೆಂಪೋದಲ್ಲಿ ಹಿರಿಯಣ್ಣನ ಮನೆಗೆ ಸಾಗಿಸಿಬಿಟ್ಟರು.

ಹಿರಿಯಣ್ಣ ಅದನ್ನು ಬೀಗರನ್ನು ಬರಮಾಡಿಕೊಳ್ಳುವಂತೆ ಬರಮಾಡಿಕೊಂಡ. ಕಾರಣವಿತ್ತು. ಮೈಸೂರು ಶಾಖೆಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ಅದಕ್ಕೆ ಹೆಸರು ಸೂಚಿಸಬೇಕಾದವರು ಚಿಟ್ನಿಸ್. ಅದರ ಮೇಲೆ ಕಣ್ಣಿಟ್ಟವರು ಇಬ್ಬರು, ಹಿರಿಯಣ್ಣ ಮತ್ತು ಪಕ್ಕದ ಮೇಜಿನ ನಂಜನಗೂಡು ಕೇಶವಮೂರ್ತಿ. ಹೋದ ವರ್ಷ ಸಾಹೇಬರು ರಜೆಯಲ್ಲಿದ್ದಾಗ ತೊಟ್ಟಿಯನ್ನು ನೋಡಿಕೊಂಡವನು ಕೇಶವಮೂರ್ತಿ. ಅವನು ನಲ್ಲಿ ನೀರು ಸುರಿದು ಎರಡು ಮೀನು ಕೊಂದ. ಸಾಹೇಬರು ಇಡೀ ಆಫೀಸಿನೆದುರು ಅವನಿಗೆ ಮಂಗಳಾರತಿ ಎತ್ತಿದರು. ಅಂದಿನಿಂದ ಅವನನ್ನು ಕಂಡಾಗಲೆಲ್ಲ ಹಿರಿಯಣ್ಣನಿಗೆ ಅಯ್ಯೋ ಪಾಪ ಎನ್ನಿಸುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಮೈಸೂರಿಗಾಗಿ ಗಂಡ ಹೆಂಡತಿ ಇಬ್ಬರ ಜೀವವೂ ಹಾತೊರೆಯುತ್ತಿತ್ತು. ಬೊರಿವಲಿಯಿಂದ ಚರ್ಚ್‌ಗೇಟಿನವರೆಗೆ ಲೋಕಲ್‌ನಲ್ಲಿ ಯಾರದೋ ಕಂಕುಳಿಗೆ ಮೂಗು ಕೊಟ್ಟು ನಿಲ್ಲುವ ಹಿರಿಯಣ್ಣನಿಗೆ, ಸೈಕಲ್ಲಿನಲ್ಲಿ ಆಫೀಸಿಗೆ ಹೋಗಿ ಮಧ್ಯಾಹ್ನ ಮನೆಗೆ ಬಂದು ಬಿಸಿ ಅನ್ನ ಉಣ್ಣುವುದೇ ಸ್ವರ್ಗ. ಮುಂಜಾನೆ ಅರೆಗಳಿಗೆ ಬರುವ ನೀರಿಗೆ ಅಲಾರಂ ಇಟ್ಟು ಏಳುವ ಕೌಸಲ್ಯೆಗೆ ಬಯಸಿದಾಗ ನಲ್ಲಿ ತಿರುಗಿಸುವುದೇ ವೈಕುಂಠ. ಜಾತಕ ನೋಡಿದ ಮಾಟುಂಗಾದ ಜೋಯಿಸರು, ಕುಜ ಅಡ್ಡ ನಿಂತಿದ್ದಾನೆ, ಹವಳದ ಉಂಗುರ ಹಾಕಿಸಿ ಎಂದಿದ್ದರು. ಉಂಗುರ ಬಂದ ಮೇಲೆ ಸಾಹೇಬರ ತೊಟ್ಟಿಯೂ ಬಂತು. ಬೆರಳಲ್ಲಿ ಒಂದು ಹರಳು, ಹಾಲ್‌ನಲ್ಲಿ ಇಡೀ ಬಂಡೆ. ಇನ್ನು ಕುಜ ಏನು ಮಾಡಿಯಾನು ಎಂದು ಕೌಸಲ್ಯಾ ಮಂಗಳವಾರ ತೊಟ್ಟಿಯ ಮುಂದೆ ರಂಗೋಲಿಯಿಟ್ಟು ದೀಪ ಹಚ್ಚತೊಡಗಿದ್ದಳು. ಈಗ ಆ ಬಂಡೆಯನ್ನೇ ಯಾವುದೋ ಕ್ರಿಮಿ ಮೇಯುತ್ತಿದೆ!

ಗದ್ದಲ ಕೇಳಿ ಮೊದಲು ಬಂದವರು ಎದುರು ಮನೆಯ ಮೋನಪ್ಪ. ಮಲ್ಪೆ ಕಡೆಯವರು, ಬೈಕುಲ್ಲಾದ ಹೋಟೆಲೊಂದರಲ್ಲಿ ಮ್ಯಾನೇಜರು. ಲುಂಗಿ ಮೇಲೆತ್ತಿ ಕಟ್ಟಿ, ಗಾಜಿಗೆ ಮೂಗು ಒತ್ತಿ ನೋಡಿದರು.

"ಕಲ್ಲಿನ ಏಡಿ ಇದು ಮಾರಾಯ್ರೆ. ಕಲ್ಲಿನೊಟ್ಟಿಗೇ ಹಡಗಿನಲ್ಲಿ ಬಂದದ್ದು. ಸಣ್ಣದಿದ್ದಾಗ ಸುಮ್ಮನಿತ್ತು, ಈಗ ಪ್ರಾಯಕ್ಕೆ ಬಂದಿದೆ, ಹಸಿವು ಜಾಸ್ತಿ."

"ತೆಗೆಯೋದು ಹೇಗೆ ಮೋನಪ್ಪನವ್ರೇ? ಕಲ್ಲು ಎತ್ತಿ ಕೊಡವಿದ್ರೆ?"

"ಹವಳ ಸಾಯ್ತದೆ. ಒಂದು ಗಾಜಿನ ಬಾಟ್ಲಿ ಓರೆ ಮಾಡಿ ಕಲ್ಲಿಗೆ ಒರಗಿಸಿ ಇಡುವುದು, ಒಳಗೆ ಒಂದು ಸಿಗಡಿ ಹಾಕುವುದು. ವಾಸನೆಗೆ ಒಳಗೆ ಇಳೀತದೆ. ಗಾಜು ಜಾರ್ತದೆ ನೋಡಿ, ಮೇಲೆ ಹತ್ಲಿಕ್ಕೆ ಆಗುದಿಲ್ಲ."

ಸಿಗಡಿ ಎಂಬ ಮಾತು ಕೇಳಿದ್ದೇ ಕೌಸಲ್ಯೆಯ ಸೌಟು ಮೇಲೆದ್ದಿತು. ಮೀನಿಗೆ ಡಬ್ಬಿಯ ಪುಡಿ ಹಾಕುವಾಗಲೇ ಕಣ್ಣು ಮುಚ್ಚಿಕೊಳ್ಳುವ ಹೆಂಗಸು ಅವಳು.

"ಏಕಾದಶಿ ದಿನ ನಮ್ಮನೇಲಿ ಸಿಗಡಿಯೇ?"

"ಏಡಿಗೆ ಎಂತ ಏಕಾದಶಿ ಅಕ್ಕ?"

"ಏಡಿಗಿಲ್ಲದೆ ಇರಬಹುದು. ಅದು ಇರೋದು ನಮ್ಮನೇಲಿ."

ಅಷ್ಟರಲ್ಲಿ ಮೇಲಿನ ಮಹಡಿಯಿಂದ ರುದ್ರವ್ವ ಇಳಿದು ಬಂದಳು. ಬಾದಾಮಿ ಕಡೆಯವಳು, ಬಿಲ್ಡಿಂಗಿನಲ್ಲಿ ಎಲ್ಲಿ ಯಾರು ಕೆಮ್ಮಿದರೂ ಔಷಧಿ ಹಿಡಿದು ಹಾಜರಾಗುವವಳು. ಈ ಸಲ ಕೈಯಲ್ಲಿ ಒಂದು ಬಟ್ಟಲಿತ್ತು.

"ಏನ್ರೀ ಅಣ್ಣಾರ, ಒಂದ್ ಹುಳಕ್ಕ ಇಷ್ಟ್ಯಾಕ ಗದ್ಲಾ? ಒಂದ್ ಮುಷ್ಟಿ ಖಾರಪುಡಿ ಹಾಕ್ರಿ. ಕಣ್ಣುರಿ ತಡೀಲಾರ್ದ ತಾನ ಹೊರಗ ಓಡಿ ಬರ್ತೈತಿ!"

ಹಿರಿಯಣ್ಣ ಎರಡೂ ಕೈ ಚಾಚಿ ತೊಟ್ಟಿಗೆ ಅಡ್ಡ ಬಿದ್ದ. "ಬೇಡ ರುದ್ರವ್ವಾ! ಕೈ ಮುಗೀತೀನಿ!"

ಸಿಗಡಿಯೂ ಬೇಡ, ಖಾರಪುಡಿಯೂ ಬೇಡ ಎಂದಾದ ಮೇಲೆ ಕೌಸಲ್ಯೆಯೇ ದಾರಿ ತೋರಿದಳು. ನಿನ್ನೆಯ ಇಡ್ಲಿ ಮಿಕ್ಕಿತ್ತು. ಏಕಾದಶಿಯಾದ್ದರಿಂದ ಮನೆಯವರು ತಿನ್ನುವಂತಿಲ್ಲ, ಏಡಿಗಾದರೂ ಆಗಲಿ. ಹೋಟೆಲಿನವರಾದ ಮೋನಪ್ಪನವರು ತಲೆ ಕೆರೆದುಕೊಂಡು, "ಇಡ್ಲಿ ಬೇಡ ಅಂದ ಗಿರಾಕಿಯನ್ನು ನಾನು ಈವರೆಗೆ ನೋಡಲಿಲ್ಲ. ನೋಡುವ" ಎಂದರು. ತೊಳೆದ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಇಡ್ಲಿಯಿಟ್ಟು ಕಲ್ಲಿಗೆ ಒರಗಿಸಿದರು. ನಾಲ್ವರೂ ಉಸಿರು ಬಿಗಿಹಿಡಿದು ಕೂತರು.

ಏಡಿ ಬರಲಿಲ್ಲ. ಬಂದದ್ದು ಪಂಪಿನ ಗಾಳಿ. ಗುಳ್ಳೆಗಳು ಬಾಟ್ಲಿಗೆ ನುಗ್ಗಿ ಇಡ್ಲಿಯನ್ನು ಕದಡಿ ಹೊರಗೆಳೆದವು. ನೋಡನೋಡುತ್ತಿದ್ದಂತೆ ನೀರೆಲ್ಲ ಗಂಜಿಯ ಬಣ್ಣಕ್ಕೆ ತಿರುಗಿತು. ಏಡಿ, ಕಲ್ಲು, ಹವಳ ಎಲ್ಲವೂ ಮಾಯ. ಎರಡು ಮೀನು ಮಾತ್ರ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು.

"ನೀರು ಬದಲಿಸದಿದ್ರೆ ಸಾಯಂಕಾಲದೊಳಗೆ ಎಲ್ಲ ಗೋವಿಂದ" ಎಂದರು ಮೋನಪ್ಪ.

ಕೇಶವಮೂರ್ತಿಯ ಮುಖ ಹಿರಿಯಣ್ಣನ ಕಣ್ಣೆದುರು ತೇಲಿತು. ಎರಡು ಪ್ಲಾಸ್ಟಿಕ್ ಕ್ಯಾನು ಹಿಡಿದವನೇ ಮೆಟ್ಟಿಲಿಳಿದು ಓಡಿದ. ಬಸ್ಸು ಹಿಡಿದು ಜೆಟ್ಟಿ, ದೋಣಿ ಹತ್ತಿ ಖಾಡಿಯ ಹಿನ್ನೀರು ದಾಟಿ, ಅಲ್ಲಿಂದ ಟಾಂಗಾದಲ್ಲಿ ಕಡಲತೀರ. ಮೊಣಕಾಲಿನವರೆಗೆ ಪ್ಯಾಂಟು ಮಡಚಿ ಅಲೆಯೊಳಗೆ ನಿಂತು ಕ್ಯಾನು ತುಂಬಿದ. ಪಿಕ್ನಿಕ್ಕಿಗೆ ಬಂದವರು ಅವನನ್ನು ನೋಡಿ ನಕ್ಕರು. ಅವನಿಗೆ ಅಳು ಬರುವಂತಿತ್ತು.

ಭಾರಕ್ಕೆ ಎರಡೂ ಹೆಗಲು ಕಿತ್ತು ಬರುತ್ತಿದ್ದಾಗ, ಈಚೆ ದಡದ ಜೆಟ್ಟಿಯಲ್ಲಿ ಒಂದು ಲಾಠಿ ಅಡ್ಡ ಬಂತು. ಕಳ್ಳಭಟ್ಟಿ ಸಾಗುವ ದಾರಿ ಅದು. ದೋಣಿಯಿಂದ ಇಳಿಯುವ ಕ್ಯಾನುಗಳ ಮೇಲೆ ಪೊಲೀಸರ ಕಣ್ಣು.

"ಕ್ಯಾ ಹೈ ಇಸ್ ಮೇ?" ಪೇದೆ ಕೇಳಿದ.

"ಸಮುಂದರ್ ಕಾ ಪಾನಿ, ಸಾಬ್."

"ಘರ್ ಮೇ ನಮಕ್ ನಹೀ ಹೈ?" ಮನೆಯಲ್ಲಿ ಉಪ್ಪಿಲ್ಲವೇ?

ಹಿರಿಯಣ್ಣ ನಿಜ ಹೇಳಲು ಹೊರಟ. ಮನೆಯಲ್ಲೊಂದು ಏಡಿಯಿದೆ, ಅದು ಸಾಹೇಬರ ಹವಳ ತಿನ್ನುತ್ತಿದೆ, ಅದಕ್ಕೆ ಇಡ್ಲಿ ಹಾಕಿದೆವು, ಆದ್ದರಿಂದ ಸಮುದ್ರದ ನೀರು ಬೇಕಾಯಿತು. ತನ್ನ ಹಿಂದಿ ತನ್ನ ಕಿವಿಗೇ ಬೀಳುತ್ತಿದ್ದಂತೆ, ಇದಕ್ಕಿಂತ ಕಳ್ಳಭಟ್ಟಿ ಎಂದು ಒಪ್ಪಿಕೊಳ್ಳುವುದೇ ವಾಸಿ ಅನ್ನಿಸಿತು. ಪೇದೆ ಕ್ಯಾನಿನ ಮುಚ್ಚಳ ತೆಗೆದು ಮೂಸಿದ. ನೆಗಡಿಯಾಗಿತ್ತೋ ಏನೋ, ವಾಸನೆ ತಿಳಿಯಲಿಲ್ಲ.

"ಪೀಕೆ ದಿಖಾ" ಎಂದ. ಕುಡಿದು ತೋರಿಸು.

ಸುತ್ತ ಜನ ಸೇರಿದರು. ಏಕಾದಶಿಯ ಬರಿಹೊಟ್ಟೆಯಲ್ಲಿ ಹಿರಿಯಣ್ಣ ಕಣ್ಣು ಮುಚ್ಚಿ ಅರಬ್ಬೀ ಸಮುದ್ರವನ್ನು ಎರಡು ಗುಟುಕು ಕುಡಿದ. ಮರುಕ್ಷಣವೇ ಜೆಟ್ಟಿಯ ಅಂಚಿಗೆ ಓಡಿ, ಕುಡಿದದ್ದನ್ನು ಸಮುದ್ರಕ್ಕೇ ಹಿಂದಿರುಗಿಸಿದ. ಪೇದೆಗೆ ನಂಬಿಕೆ ಬಂತು. ಹೆಂಡದ ವ್ಯಾಪಾರಿ ಇಷ್ಟು ಸುಲಭಕ್ಕೆ ವಾಂತಿ ಮಾಡುವುದಿಲ್ಲ. ಪಾಪ ಎಂದು ಬೆನ್ನು ತಟ್ಟಿ ಕಳಿಸಿದ.

ಮನೆ ತಲುಪಿದಾಗ ಹೊತ್ತು ವಾಲಿತ್ತು. ಗಂಜಿ ನೀರನ್ನು ಮಗ್ಗಿನಲ್ಲಿ ತೋಡಿ ತೋಡಿ ಚೆಲ್ಲಿ, ಹೊಸ ನೀರು ಸುರಿದರು. ಮೀನು ಚೇತರಿಸಿಕೊಂಡವು. ತಿಳಿಯಾದ ನೀರಿನಲ್ಲಿ ಹವಳವೂ ಕಾಣಿಸಿತು. ಅದರ ಮೇಲೆ ಏಡಿಯೂ ಕಾಣಿಸಿತು. ಈಗ ಅದಕ್ಕೆ ಯಾರ ಭಯವೂ ಇರಲಿಲ್ಲ. ನಾಲ್ವರ ಎದುರಿಗೇ ಒಂದು ಎಳೆ ಕಚಕ್ಕೆಂದು ಕತ್ತರಿಸಿತು.

ಕೌಸಲ್ಯೆಯ ಕೈ ತಾನಾಗಿ ಕತ್ತಿನ ತಾಳಿಯಲ್ಲಿದ್ದ ಹವಳದ ಮಣಿಗೆ ಹೋಯಿತು. ಗಂಡನ ಒದ್ದೆ ಪ್ಯಾಂಟು, ಬಿಳಿಚಿದ ಮುಖ ನೋಡಿದಳು. ಅವಳ ಕಣ್ಣು ತುಂಬಿಬಂತು.

"ಮೋನಪ್ಪನವ್ರೇ, ತಗೊಂಬನ್ನಿ ಆ ಸಿಗಡಿ" ಎಂದಳು. "ಅಡುಗೆಮನೆ ಹೊಸ್ತಿಲು ಮಾತ್ರ ದಾಟಬಾರದು. ದೇವರೇ ಕೃಷ್ಣಾ, ತಪ್ಪಾಯ್ತು ಕಣಪ್ಪಾ. ಮೈಸೂರಿಗೆ ಹೋದ ಮೇಲೆ ಎರಡು ಏಕಾದಶಿ ನೀರೂ ಮುಟ್ಟದೆ ಮಾಡ್ತೀನಿ."

ಮೋನಪ್ಪ ಕಣ್ಣು ಮಿಟುಕಿಸುವುದರೊಳಗೆ ತಮ್ಮ ಮನೆಯಿಂದ ಸುಲಿದ ಸಿಗಡಿ ತಂದರು. ಬಾಟ್ಲಿಯಲ್ಲಿಟ್ಟು ಇಳಿಬಿಟ್ಟರು. ಏಡಿ ತಿನ್ನುವುದನ್ನು ನಿಲ್ಲಿಸಿತು. ಸಾಸಿವೆ ಕಣ್ಣು ನಿಮಿರಿದವು. ಕಲ್ಲಿಳಿದು ಅಡ್ಡಡ್ಡ ನಡೆದು ಬಾಟ್ಲಿಯ ಬಾಯಿಗೆ ಒಂದು ಕಾಲಿಟ್ಟಿತು.

"ಬಂತ್ರೀ ಬಂತು! ಹಿಡೀರಿ!" ರುದ್ರವ್ವ ಚಪ್ಪಾಳೆ ತಟ್ಟಿ ಕೂಗಿದಳು.

ಏಡಿ ಸಿಗಡಿಯನ್ನು ಕಚ್ಚಿಕೊಂಡು ಬಿಲ ಸೇರಿತು. ಇನ್ನೊಂದು ಸಿಗಡಿ ಇಟ್ಟರು. ಈ ಸಲ ಹಿರಿಯಣ್ಣನೇ ಆತುರಪಟ್ಟು ಬಾಟ್ಲಿ ಎತ್ತಲು ಹೋಗಿ ಮುಗ್ಗರಿಸಿದ. ಆ ಸಿಗಡಿಯೂ ಹೋಯಿತು. ಮತ್ತೊಂದು, ಮಗದೊಂದು. ಏಡಿ ಬರುವುದು, ತಿನ್ನುವುದು, ಹೋಗುವುದು. ಕೊನೆಕೊನೆಗೆ ಬಾಟ್ಲಿ ನೀರಿಗಿಳಿಯುವ ಮೊದಲೇ ಗಾಜಿನ ಹತ್ತಿರ ಬಂದು ಎರಡೂ ಇಕ್ಕಳ ಎತ್ತಿ ನಿಲ್ಲತೊಡಗಿತು.

"ನನ್ನ ಹೆಂಡತಿ ಸಾರಿಗೆ ಇಟ್ಟದ್ದೆಲ್ಲ ಮುಗೀತಾ ಬಂತು" ಎಂದು ಮೋನಪ್ಪ ಗೊಣಗಿದರು. "ಇನ್ನು ಇದೊಂದೇ ಉಳಿದದ್ದು."

ಗಡಿಯಾರ ನೋಡಿದ ಹಿರಿಯಣ್ಣನಿಗೆ ಹುಚ್ಚು ಧೈರ್ಯ ಬಂತು. ಹುಟ್ಟಿದಂದಿನಿಂದ ಮಾಂಸ ಮುಟ್ಟದ ಕೈಯಲ್ಲಿ ಆ ಕೊನೆಯ ಸಿಗಡಿ ಹಿಡಿದು, ಕೈಯನ್ನೇ ನೀರಿಗೆ ಇಳಿಸಿದ. ಏಡಿ ಬಂತು. ಸಿಗಡಿಯನ್ನು ಒಂದು ಇಕ್ಕಳದಲ್ಲಿ, ಹಿರಿಯಣ್ಣನ ಉಂಗುರದ ಬೆರಳನ್ನು ಇನ್ನೊಂದರಲ್ಲಿ ಹಿಡಿಯಿತು. "ಅಯ್ಯಯ್ಯಪ್ಪೋ!" ಎಂಬ ಕೂಗು ಮೂರೂ ಮಹಡಿಗೆ ಕೇಳಿಸಿತು. ಆದರೆ ಅವನು ಕೈ ಕೊಡವಲಿಲ್ಲ. ಮೈಸೂರು, ಸೈಕಲ್ಲು, ಬಿಸಿ ಅನ್ನ ಎಂದುಕೊಳ್ಳುತ್ತ ಬೆರಳನ್ನು ಏಡಿಯ ಸಮೇತ ಮೇಲೆತ್ತಿ ಬಾಟ್ಲಿಯೊಳಗೆ ತೂರಿಸಿದ. ಏಡಿ ಸಿಗಡಿಯ ಆಸೆಗೆ ಬೆರಳು ಬಿಟ್ಟಿತು. ಮೋನಪ್ಪ ಬಾಟ್ಲಿಯ ಮೇಲೆ ಕರವಸ್ತ್ರ ಕಟ್ಟಿದರು.

"ಸಾರಿಗೆ ಕೊಡ್ತೀರಾ?" ಎಂದು ಕೇಳಿ, ಬಾಟ್ಲಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಬೇಡ ಬಿಡಿ. ಒಂದು ಚಮಚ ಸಾರಿಗೂ ಸಾಲುದಿಲ್ಲ."

ಏಕಾದಶಿ ದಿನ ಜೀವಹತ್ಯೆ ಬೇಡವೆಂದು ಕೌಸಲ್ಯಾ ಬಾಟ್ಲಿಯನ್ನು ಟಿವಿಯ ಮೇಲಿಟ್ಟಳು. ಹಿರಿಯಣ್ಣನ ಬೆರಳು ಬದನೆಕಾಯಿಯಂತೆ ಊದಿತು. ಉಂಗುರ ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಆದರೂ ಅವನು ನಗುತ್ತಿದ್ದ. ತೊಟ್ಟಿಯಲ್ಲಿ ಉಳಿದರ್ಧ ಹವಳ ಮೆಲ್ಲಗೆ ಅರಳುತ್ತಿತ್ತು.

ಬಾಗಿಲು ಬಡಿದ ಸದ್ದಾಯಿತು. ಚಿಟ್ನಿಸ್ ಸಾಹೇಬರು ಸ್ಟೇಷನ್ನಿನಿಂದ ನೇರ ಬಂದಿದ್ದರು. ಒಳಗೆ ಬಂದವರೇ ಯಾರನ್ನೂ ಮಾತಾಡಿಸದೆ ತೊಟ್ಟಿಯ ಮುಂದೆ ಬಗ್ಗಿ ನಿಂತರು. ಹಿರಿಯಣ್ಣನ ಎದೆ ಪಂಪಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು.

"ಅರ್ಧ ಹೋಗೇದಲ್ಲ?" ಎಂದರು ಸಾಹೇಬರು.

ಹಿರಿಯಣ್ಣ ಬಾಟ್ಲಿ ತಂದು ತೋರಿಸಿದ. ಊದಿದ ಬೆರಳನ್ನೂ ತೋರಿಸಿದ. ಮೋನಪ್ಪ ಮತ್ತು ರುದ್ರವ್ವ ಒಬ್ಬರ ಮಾತಿನೊಳಗೆ ಒಬ್ಬರು ನುಗ್ಗಿ ಇಡೀ ದಿನದ ಕತೆ ಹೇಳಿದರು. ಕೇಳುತ್ತ ಕೇಳುತ್ತ ಸಾಹೇಬರ ಕಣ್ಣಲ್ಲಿ ನೀರಾಡಿತು. ಅವರು ಹಿರಿಯಣ್ಣನನ್ನು ತಬ್ಬಿಕೊಂಡರು.

"ಇಂಥಾದ್ದೊಂದು ಏಡಿ ನನ್ನ ಭಾವಮೈದುನನ ಇಡೀ ಟ್ಯಾಂಕ್ ತಿಂದು ಮುಗಿಸಿತ್ತು! ಹಡಗಿನ ಮನಷ್ಯಾ, ಅವನ ಕೈಲೇ ಹಿಡೀಲಿಕ್ಕಾಗಲಿಲ್ಲ. ನೀವು ಹಿಡದ್ರಿ! ಅರ್ಧ ಉಳೀತಲ್ಲ, ಸಾಕು. ಆರು ತಿಂಗಳದಾಗ ಮತ್ತ ಬೆಳೀತದ."

ಕೌಸಲ್ಯಾ ಬಾಗಿಲ ಮರೆಯಿಂದ ಗಂಡನಿಗೆ, ಕೇಳಿ, ಈಗಲೇ ಕೇಳಿ ಎಂದು ಕಣ್ಸನ್ನೆ ಮಾಡಿದಳು. ಅವನು ಬಾಯಿ ತೆರೆಯುವ ಮೊದಲೇ ಸಾಹೇಬರು ಕುರ್ಚಿಯಲ್ಲಿ ಕೂತು ನಿಟ್ಟುಸಿರು ಬಿಟ್ಟರು.

"ಒಂದು ಸುದ್ದಿ ಅದ. ನನಗ ನಾಗಪುರಕ್ಕ ಬಡ್ತಿ ಆಗೇದ. ಮುಂದಿನ ತಿಂಗಳಾನ ಹೋಗಬೇಕು."

"ಬಹಳ ಸಂತೋಷ ಸಾರ್!"

"ಏನ್ ಸಂತೋಷ? ನಾಗಪುರದಾಗ ಸಂತ್ರಾ ಹಣ್ಣು ಅದಾವ, ಸಮುದ್ರ ಎಲ್ಲೆ ಅದ? ರೈಲಿನ್ಯಾಗ ಇಡೀ ದಾರಿ ಇದಾ ಚಿಂತಿ. ಖರೇ ಹೇಳ್ತೀನಿ ಹಿರಿಯಣ್ಣಾ, ಹವಳ ಸತ್ತಿದ್ರ ನಾಕು ಹನಿ ಕಣ್ಣೀರು ಹಾಕಿ ಟ್ಯಾಂಕ್ ಮಾರಿಬಿಡೂದು, ನಿಮ್ಮನ್ನ ಮೈಸೂರಿಗೆ ಕಳಿಸಿಬಿಡೂದು ಅಂತ ಮನಸಿನ್ಯಾಗ ಮಾಡಿದ್ದೆ. ಆದರ ಈಗ ನೋಡ್ರಿ, ಜೀವಂತ ಅದ. ಇದನ್ನ ಬದುಕಿಸೋ ಕೈ ಇಡೀ ಮುಂಬೈದಾಗ ನಿಮ್ಮದೊಂದಾ. ನಿಮ್ಮನ್ನ ಹ್ಯಾಂಗ ಕಳಿಸಲಿ? ಮೈಸೂರಾಗ ಸಮುದ್ರ ಅದ ಏನು?"

"ಕಾವೇರಿ ಇದೆ ಸಾರ್" ಎಂದ ಹಿರಿಯಣ್ಣ. "ಉಪ್ಪು ಹಾಕಿದ್ರೆ..."

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಇವತ್ತಿನಿಂದ ಈ ಟ್ಯಾಂಕ್ ನಿಮ್ಮದು. ನಾ ವರ್ಷಕ್ಕೊಮ್ಮೆ ಬಂದು ನೋಡಿ ಹೋಗ್ತೀನಿ."

"ಮತ್ತೆ ಮೈಸೂರು ಸಾರ್?"

"ಶುಕ್ರವಾರ ಹೆಸರು ಕಳಿಸಬೇಕು. ಆ ಕೇಶವಮೂರ್ತಿನ್ನ ಕಳಿಸ್ತೀನಿ. ಎರಡು ಮೀನ ಕೊಂದ ಮನಷ್ಯಾ. ಸಮುದ್ರದಿಂದ ಅವ ಎಷ್ಟು ದೂರ ಇರ್ತಾನೋ ಅಷ್ಟು ಛಲೋ!"

ಸಾಹೇಬರು ಕಾಫಿ ಕುಡಿದು, ಹವಳಕ್ಕೆ ಟಾಟಾ ಮಾಡಿ, ಹೊರಟುಹೋದರು. ರುದ್ರವ್ವನೂ ಮೊದಲ ಬಾರಿಗೆ ಏನೂ ಔಷಧಿ ಹೇಳದೆ ಮೆಟ್ಟಿಲು ಹತ್ತಿದಳು. ಕೌಸಲ್ಯಾ ಕುಸಿದು ಕೂತಳು.

"ನಾನು ಏಕಾದಶಿ ಕೆಡಿಸಿಕೊಂಡಿದ್ದು ಕೇಶವಮೂರ್ತಿ ಮೈಸೂರಿಗೆ ಹೋಗ್ಲಿ ಅಂತಲೇ?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹಿರಿಯಣ್ಣನ ದೃಷ್ಟಿ ಟಿವಿಯ ಮೇಲಿನ ಬಾಟ್ಲಿಯಲ್ಲಿ ನೆಟ್ಟಿತ್ತು. ಶುಕ್ರವಾರಕ್ಕೆ ಇನ್ನೂ ದಿನಗಳಿವೆ. ಒಂದು ವಾರದಲ್ಲಿ ಅರ್ಧ ಹವಳ ತಿಂದ ಏಡಿ. ಮನಸ್ಸು ಮಾಡಿದರೆ ಉಳಿದರ್ಧವನ್ನು ಗುರುವಾರದೊಳಗೆ ಮುಗಿಸಲಾರದೇ? ಅವನು ಎದ್ದು ಬಾಟ್ಲಿಯ ಕರವಸ್ತ್ರ ಬಿಚ್ಚಿದ. "ಎಂತ ಮಾಡ್ತಿದ್ದೀರಿ ಮಾರಾಯ್ರೆ?" ಎಂದು ಮೋನಪ್ಪ ತಡೆಯುವಷ್ಟರಲ್ಲಿ ಏಡಿಯನ್ನು ಮೆಲ್ಲಗೆ ಹವಳದ ನೆತ್ತಿಯ ಮೇಲೇ ಇಳಿಸಿದ.

"ತಿನ್ನಪ್ಪಾ, ಹೊಟ್ಟೆ ತುಂಬ ತಿನ್ನು" ಎಂದು ಕೈ ಮುಗಿದ.

ಏಡಿ ಹವಳದ ಮೇಲೆ ಒಂದು ಗಳಿಗೆ ನಿಂತಿತು. ಒಂದು ಎಳೆಯನ್ನು ಮುಟ್ಟಿ ನೋಡಿ ಬಿಟ್ಟಿತು. ಆಮೇಲೆ ನಿಧಾನವಾಗಿ ಕಲ್ಲಿಳಿದು, ಅಡ್ಡಡ್ಡ ನಡೆದು, ಮುಂದಿನ ಗಾಜಿನ ಬಳಿ ಬಂದು ಎರಡೂ ಇಕ್ಕಳ ಮೇಲೆತ್ತಿ ಕಾಯುತ್ತ ನಿಂತಿತು.

ಮೋನಪ್ಪ ಬಗ್ಗಿ ನೋಡಿ ತಲೆಯಾಡಿಸಿದರು.

"ಅದಿನ್ನು ಹವಳ ಮುಟ್ಟುದಿಲ್ಲ ಹಿರಿಯಣ್ಣನವ್ರೆ. ಸಿಗಡಿ ರುಚಿ ಹತ್ತಿದ ಮೇಲೆ ಸೊಪ್ಪು ಯಾರು ತಿಂತಾರೆ? ನಾಳೆಯಿಂದ ದಿನಾ ಎಷ್ಟು ತರ್ಲಿ, ಹೇಳಿ."